ಹುಟ್ಟಿನಿಂದ ಬರುವ ಪಕ್ಷ

ನಾಲ್ಕು ವರ್ಷಗಳಿಗೊಮ್ಮೆ ಅಮೆರಿಕಾ ಸಂಯುಕ್ತ ಸಂಸ್ಥಾನದ ಮತದಾರನಿಗೆ ಒಂದು ಉಪದೇಶವು ತಪ್ಪದೆ ದೊರೆಯುತ್ತದೆ. ನಿನಗೆ ಒಪ್ಪಿಗೆಯಾದವನಿಗೆ ಮತ ನೀಡಿದರೆ ಅದು ವ್ಯರ್ಥ. ಗೆಲ್ಲಬಲ್ಲ ಇಬ್ಬರಲ್ಲಿ ಯಾರು ಕಡಿಮೆ ಕೆಟ್ಟವನೋ ಅವನಿಗೆ ನೀಡು ಎಂಬುದೇ ಆ ಉಪದೇಶ. ಇದನ್ನು ಅತ್ಯಂತ ಗಟ್ಟಿಯಾಗಿ ಹೇಳುವವರು ಆ ಎರಡು ಪಕ್ಷಗಳವರೇ ಎಂಬುದನ್ನು ವಾಚಕರು ಗಮನಿಸಬೇಕು. ಪೇಟೆಯಲ್ಲಿ ಎರಡೇ ಅಂಗಡಿಗಳನ್ನು ಉಳಿಸಿಕೊಂಡ ವರ್ತಕರು, ಮೂರನೆಯ ಅಂಗಡಿಗೆ ಹೋದರೆ ನಿನ್ನ ಹಣ ಹಾಳೆಂದು ಗಿರಾಕಿಗೆ ಹಿತವಚನ ಹೇಳಿದಂತಿದೆ ಇದು.

ಪರದೇಶದ ಚುನಾವಣೆಯ ಗೊಡವೆ ನಮಗೇಕೆಂದು ನೀವು ಕೇಳಬಹುದು. ನಿಮ್ಮಲ್ಲಿ ಅನೇಕರ ಮಕ್ಕಳು ಮೊಮ್ಮಕ್ಕಳು ಇಂದು ಆ ದೇಶದ ಪೌರರಾಗಿದ್ದಾರೆ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿಕೊಂಡೇ ಅಲ್ಲಿಯ ಮತಗಟ್ಟೆಗೆ ಹೋಗುವವರಿದ್ದಾರೆ. ರಜೆಗೆ ಊರಿಗೆ ಬಂದಾಗ ಅವರಲ್ಲಿ ಹಲವರು ಆಡುವ ಮಾತು ಇದು: "ಇಬ್ಬರೂ ಬೇಡವಾಗಿದ್ದರು, ಬೇರೆ ದಾರಿ ಇರಲಿಲ್ಲ." ಇದು ಕೇವಲ ಗೊಣಗಾಟವಲ್ಲ. ಸ್ವತಂತ್ರನೆನಿಸಿಕೊಂಡ ಮನುಷ್ಯನು ತನ್ನ ಮನಸ್ಸಿಗೆ ವಿರುದ್ಧವಾಗಿ ಮುದ್ರೆಯೊತ್ತಿ ಹೊರಬಂದಾಗ ಪಡುವ ನಾಚಿಕೆ ಅದರಲ್ಲಿದೆ.

ಆ ದೇಶದ ಸಂವಿಧಾನದಲ್ಲಿ ರಾಜಕೀಯ ಪಕ್ಷಗಳ ಪ್ರಸ್ತಾಪವೇ ಇಲ್ಲ. ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್‌ರು 1796ರ ತಮ್ಮ ವಿದಾಯ ಸಂದೇಶದಲ್ಲಿ ಪಕ್ಷಮನೋಭಾವದ ಕೇಡನ್ನು ಕುರಿತು ನಾಡಿಗೆ ಎಚ್ಚರಿಕೆ ಕೊಟ್ಟರು. ಅಂಥ ನಾಡಿನಲ್ಲಿ ಪಕ್ಷವು ಹೊಲಮನೆಗಳಂತೆ ತಂದೆಯಿಂದ ಮಕ್ಕಳಿಗೆ ಇಳಿದು ಬರುವುದು ಸಾಮಾನ್ಯವಾಗಿಬಿಟ್ಟಿದೆ. ತಮ್ಮ ಮಗನೋ ಮಗಳೋ ಇನ್ನೊಂದು ಪಕ್ಷದವರನ್ನು ವರಿಸಿದರೆ ಅಸಮಾಧಾನಪಡುವ ತಂದೆತಾಯಿಗಳ ಸಂಖ್ಯೆಯು 1960ರಲ್ಲಿದ್ದುದಕ್ಕಿಂತ ಬಹುವಾಗಿ ಬೆಳೆದಿದೆಯೆಂದು ಅಲ್ಲಿಯ ವಿದ್ವಾಂಸರ ಸಮೀಕ್ಷೆಗಳು ತೋರಿಸಿವೆ. ಇದನ್ನು ಕೇಳಿದಾಗ ನಮಗೆ ಯಾವ ವ್ಯವಸ್ಥೆಯ ನೆನಪಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟನ್ನು ನೋಡಿ ಮನುಷ್ಯನ ಬೆಲೆ ಕಟ್ಟುವ ಪದ್ಧತಿಯನ್ನು ಹನ್ನೆರಡನೆಯ ಶತಮಾನದ ಶರಣರು ಕಲ್ಯಾಣದಲ್ಲಿ ಧಿಕ್ಕರಿಸಿದರು. ಹುಟ್ಟನ್ನು ನೋಡಿ ಮನುಷ್ಯನ ಮತವನ್ನು ಎಣಿಸಿಟ್ಟುಕೊಳ್ಳುವ ಪದ್ಧತಿಯನ್ನು ಅವರ ಅನುಯಾಯಿಗಳಾದ ನಾವು ಹೇಗೆ ಒಪ್ಪೋಣ? (ಜಾತಿ ನೋಡಿ ಮತ ಹಾಕುವ ನಮ್ಮವರಿಗೆ ಈ ಟೀಕೆ ಮಾಡುವ ಅಧಿಕಾರವಿದೆಯೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಬೇರೊಂದು ಲೇಖನವೇ ಬೇಕು.)

ಈ ನಿಷ್ಠೆಯು ನಾಯಕರ ನಾಲಿಗೆಯನ್ನು ಹೇಗೆ ಕಟ್ಟಿಹಾಕುತ್ತದೆಂಬುದಕ್ಕೆ ಎರಡೂ ಕಡೆಯಿಂದ ಉದಾಹರಣೆ ಕೊಡಬಹುದು. 2021ರ ಜನವರಿ 6ರಂದು ಸಂಸತ್ ಭವನದ ಮೇಲೆ ನಡೆದ ದಾಳಿಗೆ ಡೊನಾಲ್ಡ್ ಟ್ರಂಪ್‌ರು ನೈತಿಕವಾಗಿ ಹೊಣೆಗಾರರೆಂದು ಸೆನೆಟ್ಟಿನ ರಿಪಬ್ಲಿಕನ್ ಮುಖಂಡರಾಗಿದ್ದ ಮಿಚ್ ಮೆಕಾನೆಲ್ ಮರುತಿಂಗಳೇ ಸಭೆಯಲ್ಲಿ ನಿಂತು ಸಾರಿದರು. 2024ರ ಮಾರ್ಚಿಯಲ್ಲಿ ಅವರೇ ಟ್ರಂಪ್‌ರಿಗೆ ಬೆಂಬಲ ಘೋಷಿಸಿದರು. ಆಡಿದ ಮಾತಿಗೆ ಕಟ್ಟುಬಿದ್ದ ಲಿಜ್ ಚೇನಿಯವರಾದರೋ 2022ರಲ್ಲಿ ಸ್ವಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಸೋತು ಮನೆಗೆ ಹೋದರು. ಇತ್ತ ಡೆಮಾಕ್ರಟಿಕ್ ಪಕ್ಷದ ಹಿರಿಯರಲ್ಲಿ ಬಹುತೇಕರು ಅಧ್ಯಕ್ಷ ಬೈಡನ್‌ರ ವಯೋದೌರ್ಬಲ್ಯದ ವಿಷಯದಲ್ಲಿ, 2024ರ ಜೂನ್ 27ರ ವಾದಸಭೆಯಲ್ಲಿ ಇಡೀ ನಾಡೇ ಅದನ್ನು ಕಣ್ಣಾರೆ ಕಾಣುವವರೆಗೆ ಬಾಯಿಬಿಡಲಿಲ್ಲ. ಜುಲೈ 21ರಂದು ಅವರು ಹಿಂದೆ ಸರಿದರು. ಅವರ ಸ್ಥಾನಕ್ಕೆ ಬಂದ ಕಮಲಾ ಹ್ಯಾರಿಸ್‌ರು ಆ ವರ್ಷದ ಪ್ರಾಥಮಿಕ ಚುನಾವಣೆಗಳಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದವರೇ ಅಲ್ಲ. ಆಯ್ಕೆಯ ಹಕ್ಕು ಮತದಾರನದೆಂದು ಹೇಳುವವರು ಆಯ್ಕೆಯನ್ನು ಮುಗಿಸಿಕೊಂಡು ಬಂದು ಅವನ ಮುಂದಿಟ್ಟರು.

ಗ್ಯಾಲಪ್ ಸಂಸ್ಥೆಯ 2024ರ ಲೆಕ್ಕದಂತೆ ಅಮೆರಿಕನ್ನರಲ್ಲಿ ನೂರಕ್ಕೆ 43 ಮಂದಿ ತಾವು ಯಾವ ಪಕ್ಷದವರೂ ಅಲ್ಲವೆಂದು ಹೇಳಿಕೊಂಡಿದ್ದಾರೆ. ಎರಡು ಪಕ್ಷಗಳಲ್ಲಿ ಯಾವುದಕ್ಕೂ ಅಷ್ಟು ಜನರಿಲ್ಲ. ಆದರೂ ನ್ಯೂಯಾರ್ಕ್, ಫ್ಲಾರಿಡಾ, ಪೆನ್ಸಿಲ್ವೇನಿಯಾಗಳಂಥ ರಾಜ್ಯಗಳಲ್ಲಿ, ಪಕ್ಷದ ಪಟ್ಟಿಯಲ್ಲಿ ಹೆಸರು ಬರೆಸದವನಿಗೆ ಆ ಪಕ್ಷದ ಪ್ರಾಥಮಿಕ ಚುನಾವಣೆಯ ಬಾಗಿಲು ಮುಚ್ಚಿದೆ. ಅಭ್ಯರ್ಥಿಗಳನ್ನು ಆರಿಸುವಾಗ ಅವನು ಹೊರಗಿನವನು. ಆರಿಸಿದವರಿಗೆ ಮತ ಹಾಕುವಾಗ ಮಾತ್ರ ಬೇಕಾದವನು.

ಇನ್ನು ಎಣಿಕೆಯ ಕ್ರಮ. ಅಧ್ಯಕ್ಷನನ್ನು ಆರಿಸುವುದು 538 ಜನರ ನಿರ್ವಾಚಕ ಮಂಡಲಿ. 270 ದೊರೆತವನು ಗೆದ್ದನು. ಐವತ್ತು ರಾಜ್ಯಗಳಲ್ಲಿ 48 ರಾಜ್ಯಗಳು, ಒಂದೇ ಮತದಿಂದ ಮುಂದಿದ್ದರೂ ಸರಿಯೆ, ಮುಂದಿದ್ದವನಿಗೆ ತಮ್ಮ ಎಲ್ಲ ನಿರ್ವಾಚಕರನ್ನೂ ಒಪ್ಪಿಸಿಬಿಡುತ್ತವೆ. 1992ರಲ್ಲಿ ರಾಸ್ ಪೆರೋ ಎಂಬ ಪಕ್ಷೇತರರು ಸುಮಾರು ನೂರಕ್ಕೆ 19ರಷ್ಟು ಮತಗಳನ್ನು ಪಡೆದರು. ನಿರ್ವಾಚಕರಲ್ಲಿ ಒಬ್ಬನೂ ಅವರಿಗೆ ದಕ್ಕಲಿಲ್ಲ. ಪಕ್ಷನಿಷ್ಠನಿಗಾದರೂ ಇದರಿಂದ ಸುಖವಿದೆಯೇ? 2020ರಲ್ಲಿ ಟ್ರಂಪ್‌ರಿಗೆ ಅತ್ಯಧಿಕ ಮತಗಳು ಬಿದ್ದ ರಾಜ್ಯ ಕ್ಯಾಲಿಫೋರ್ನಿಯಾ, 60 ಲಕ್ಷಕ್ಕೂ ಮಿಗಿಲು. ಆ 60 ಲಕ್ಷ ಜನರ ಮತಕ್ಕೆ ನಿರ್ವಾಚಕ ಮಂಡಲಿಯಲ್ಲಿ ದೊರೆತ ಬೆಲೆ ಸೊನ್ನೆ.

ಎದುರುವಾದವೊಂದಿದೆ, ಅದನ್ನು ಹಗುರವಾಗಿ ಕಾಣಬಾರದು. 2000ದ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯವು ಜಾರ್ಜ್ ಬುಷ್‌ರಿಗೆ ಹೋದುದು ಕೇವಲ 537 ಮತಗಳಿಂದ. ಅಲ್ಲಿ ಹಸಿರು ಪಕ್ಷದ ರಾಲ್ಫ್ ನೇಡರ್‌ರಿಗೆ 97,000ಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ಅವರ ಬೆಂಬಲಿಗರಲ್ಲಿ ಒಂದು ಸಣ್ಣ ಪಾಲು ಅಲ್ ಗೋರ್‌ರ ಕಡೆಗೆ ವಾಲಿದ್ದರೂ ಚರಿತ್ರೆ ಬೇರೆಯಾಗುತ್ತಿತ್ತು. ಮನಸ್ಸಿಗೆ ಒಪ್ಪಿದಂತೆ ಮತ ನೀಡಿದವರು ತಾವು ಎಲ್ಲಕ್ಕಿಂತ ಬೇಡವೆಂದವನನ್ನೇ ಗೆಲ್ಲಿಸಿದರೆಂದು ಇಂದಿಗೂ ಅವರನ್ನು ದೂಷಿಸುವವರಿದ್ದಾರೆ. ಲೆಕ್ಕವು ಸುಳ್ಳಲ್ಲ. ಆದರೆ ದೋಷವು ಮತದಾರನದೇ? ಒಬ್ಬನ ಹೆಸರಿನ ಮುಂದೆ ಒಂದೇ ಗುರುತು ಹಾಕು, ಮಿಕ್ಕವರ ವಿಷಯದಲ್ಲಿ ನಿನ್ನ ಅಭಿಪ್ರಾಯವನ್ನು ನಾವು ಕೇಳುವುದಿಲ್ಲ ಎಂದವರು ಯಾರು? ಕೇಳದೆ ಬಿಟ್ಟು, ಆಮೇಲೆ ಏಕೆ ಹೇಳಲಿಲ್ಲವೆಂದು ಗದರಿಸುವುದು ಯಾವ ನ್ಯಾಯ?

ಕೇಳುವ ಕ್ರಮ ಹೇಗಿರುತ್ತದೆಂಬುದು ನಮಗೆ ಹೊಸದಲ್ಲ. ನಮ್ಮ ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ ಮತ ನೀಡಿದವರು ಹೆಸರುಗಳ ಮುಂದೆ 1, 2, 3 ಎಂದು ಪ್ರಾಶಸ್ತ್ಯವನ್ನು ಬರೆದೇ ಬಂದಿದ್ದಾರೆ. ನಮ್ಮ ರಾಷ್ಟ್ರಪತಿಯ ಚುನಾವಣೆಯೂ ಸಂವಿಧಾನದ 55ನೆಯ ವಿಧಿಯಂತೆ ಹಾಗೆಯೇ ನಡೆಯುತ್ತದೆ. 1969ನ್ನು ನೆನೆಯಿರಿ. ನಮ್ಮ ನಾಡಿನವರೇ ಆದ ಎಸ್. ನಿಜಲಿಂಗಪ್ಪನವರು ಆಗ ಕಾಂಗ್ರೆಸ್ಸಿನ ಅಧ್ಯಕ್ಷರು. ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿಯವರು. ಪ್ರಧಾನಿ ಇಂದಿರಾ ಗಾಂಧಿಯವರು ಆತ್ಮಸಾಕ್ಷಿಗೆ ಅನುಸಾರವಾಗಿ ಮತ ನೀಡಬೇಕೆಂಬ ಕರೆಗೆ ನಿಂತರು. ಆ ಆತ್ಮಸಾಕ್ಷಿಯಲ್ಲಿ ರಾಜಕೀಯ ಎಷ್ಟಿತ್ತೆಂಬುದನ್ನು ಅರಿಯದಷ್ಟು ಮುಗ್ಧರು ನಾವಲ್ಲ. ಎಣಿಕೆ ನಡೆದ ಬಗೆಯಷ್ಟೇ ಇಲ್ಲಿ ಪ್ರಸ್ತುತ. ಗೆಲುವಿಗೆ ಬೇಕಾದುದು 4,18,169 ಮತಮೌಲ್ಯ; ಮೊದಲ ಪ್ರಾಶಸ್ತ್ಯದಲ್ಲಿ ವಿ. ವಿ. ಗಿರಿಯವರಿಗೆ ದೊರೆತುದು 4,01,515. ಮೂರನೆಯವರಾದ ಸಿ. ಡಿ. ದೇಶಮುಖರಿಗೆ 1,12,769. ದೇಶಮುಖರನ್ನು ಬಯಸಿದವರ ಮತವು ಕಸದ ಬುಟ್ಟಿಗೆ ಹೋಗಲಿಲ್ಲ. ಅವರಲ್ಲಿ ಎರಡನೆಯ ಪ್ರಾಶಸ್ತ್ಯ ಬರೆದವರ ಮಾತನ್ನು ಕೇಳಿ, ಎಣಿಸಿ, ಆ ಬಳಿಕವೇ 4,20,077 ಮೌಲ್ಯದೊಡನೆ ಗಿರಿಯವರು ಗೆದ್ದರೆಂದು ಸಾರಲಾಯಿತು. ಶಾಸಕರಿಗೂ ಸಂಸದರಿಗೂ ನಾವು ಕೊಟ್ಟಿರುವ ಈ ಸೌಕರ್ಯ, ಜಗತ್ತಿಗೆ ಪ್ರಜಾಪ್ರಭುತ್ವವನ್ನು ಬೋಧಿಸುವ ನಾಡಿನ ಸಾಮಾನ್ಯ ಮತದಾರನಿಗೆ ಬಹುತೇಕ ರಾಜ್ಯಗಳಲ್ಲಿ ಇಲ್ಲ.

ಬಹುತೇಕ ಎಂದೆವು, ಏಕೆಂದರೆ ಮೇಯ್ನ್ ರಾಜ್ಯವು 2020ರಿಂದ ಅಧ್ಯಕ್ಷ ಚುನಾವಣೆಗೂ ಪ್ರಾಶಸ್ತ್ಯ ಪದ್ಧತಿಯನ್ನು ತಂದಿತು. 2024ರಲ್ಲಿ ಅಲಾಸ್ಕಾವೂ ಅದರಂತೆ ನಡೆಸಿತು. ನೆವಾಡಾದಲ್ಲಿ 1976ರಿಂದ "ಇವರಲ್ಲಿ ಯಾರೂ ಬೇಡ" ಎಂಬ ಅಂಕಣವಿದೆ. ಆದರೆ ಅದಕ್ಕೆ ಅತಿ ಹೆಚ್ಚು ಮತ ಬಿದ್ದರೂ ನಂತರದ ಅಭ್ಯರ್ಥಿಯೇ ಗೆದ್ದಂತೆ. ನಮ್ಮಲ್ಲಿ 2013ರಲ್ಲಿ ಬಂದ ನೋಟಾದ ಪಾಡೂ ಹೆಚ್ಚುಕಡಿಮೆ ಅದೇ. ಬೇಡವೆನ್ನಲು ಬಿಟ್ಟರೆ ಸಾಲದು, ಬೇಕಾದುದನ್ನು ಕ್ರಮವಾಗಿ ಹೇಳಲು ಬಿಡಬೇಕು.

ಹೀಗೆ ಬಿಡಲು ಪಕ್ಷದವರಿಗೆ ಮನಸ್ಸಿಲ್ಲ. 2024ರ ನವೆಂಬರಿನಲ್ಲಿ ನೆವಾಡಾ, ಆರೆಗನ್, ಕೊಲರಾಡೊ, ಐಡಾಹೊ ರಾಜ್ಯಗಳಲ್ಲಿ ಪ್ರಾಶಸ್ತ್ಯ ಪದ್ಧತಿಯ ಪ್ರಸ್ತಾವಗಳು ಜನಮತಕ್ಕೆ ಬಂದು ಸೋತವು. ನೆವಾಡಾದಲ್ಲಂತೂ ಬೇರೆಲ್ಲ ವಿಷಯಗಳಲ್ಲಿ ಕಚ್ಚಾಡುವ ಎರಡೂ ಪಕ್ಷಗಳ ಮುಖಂಡರು ಇದೊಂದನ್ನು ವಿರೋಧಿಸುವಲ್ಲಿ ಒಂದಾದರು. ಅಲಾಸ್ಕಾದಲ್ಲಿ ಈ ಪದ್ಧತಿಯನ್ನು ಕಿತ್ತುಹಾಕಬೇಕೆಂಬ ಪ್ರಸ್ತಾವವೂ ಅದೇ ದಿನ ಮತಕ್ಕೆ ಬಂದಿತ್ತು. ಮೂರು ಲಕ್ಷಕ್ಕೂ ಮಿಕ್ಕ ಮತಗಳನ್ನು ಮರಳಿ ಎಣಿಸಿದ ಮೇಲೆ, ಸಾವಿರಕ್ಕೂ ಕಡಿಮೆ ಅಂತರದಲ್ಲಿ ಅದು ಬಿದ್ದುಹೋಯಿತು. ಮುಂದಿನ ಅಧ್ಯಕ್ಷ ಚುನಾವಣೆ 2028ರಲ್ಲಿ. ಅಷ್ಟರೊಳಗೆ ನಿಮ್ಮ ಮಗನೋ ಮೊಮ್ಮಗಳೋ ದೂರವಾಣಿಯಲ್ಲಿ ಮಾತನಾಡುವಾಗ, ನೀನು ಯಾವ ಪಕ್ಷದವನೆಂದು ಕೇಳಬೇಡಿರಿ. ನಿನ್ನ ರಾಜ್ಯದಲ್ಲಿ ಎರಡನೆಯ ಪ್ರಾಶಸ್ತ್ಯ ಬರೆಯಲು ಸ್ಥಳವಿದೆಯೇ, ಇಲ್ಲದಿದ್ದರೆ ಅದಕ್ಕಾಗಿ ಮನವಿಗೆ ಸಹಿ ಸಂಗ್ರಹಿಸುವವರು ಯಾರು, ಅವರೊಡನೆ ನೀನಿರುವೆಯೋ ಎಂದು ಕೇಳಿರಿ.