ಅಚ್ಚನ್ನು ಆರಿಸುವ ಮೊದಲು ಅಳೆಯಿರಿ

ವಸ್ತುವಿನ ಹೆಸರು ಬೇರೆ, ಅದರ ಅಳತೆ ಬೇರೆ. ಈ ಭೇದವನ್ನು ಮರೆತರೆ ಅಂಗಡಿಯಲ್ಲಿ ಹಣ ನಷ್ಟವಾದೀತು. ಬಂದೂಕಿನ ವಿಷಯದಲ್ಲಾದರೆ ಕಣ್ಣೇ ಹೋದೀತು. ಅಮೆರಿಕದ ಒಂದು ಹಳೆಯ ತೋಟಾದ ವೃತ್ತಾಂತ ಇದಕ್ಕೆ ಒಳ್ಳೆಯ ನಿದರ್ಶನ.

1873ರಲ್ಲಿ ವಿಂಚೆಸ್ಟರ್ ಕಂಪೆನಿಯು ಸನ್ನೆಕೋಲಿನಿಂದ ನಡೆಯುವ ಒಂದು ರೈಫಲನ್ನು ಹೊರತಂದಿತು. ಸನ್ನೆಯನ್ನು ಒಮ್ಮೆ ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಸುಟ್ಟ ತೋಟಾ ಹೊರಬಿದ್ದು ಹೊಸದು ಒಳಸೇರುವುದು. ಅದರ ತೋಟಾಕ್ಕೆ ‘44-40’ ಎಂಬ ಹೆಸರು ನಿಂತಿತು. ಅಂಗುಲದ ನೂರರಲ್ಲಿ ನಲವತ್ತನಾಲ್ಕು ಭಾಗದ ಗುಂಡು, ನಲವತ್ತು ಗ್ರೇನ್ ಕರಿಮದ್ದು ಎಂಬುದು ಆ ಹೆಸರಿನ ಅರ್ಥ. ಆದರೆ ಗುಂಡನ್ನು ಅಳೆದು ನೋಡಿದರೆ ಅದರ ವ್ಯಾಸ 0.44 ಅಂಗುಲವಲ್ಲ, ಸುಮಾರು 0.427 ಅಂಗುಲ. ಇದರ ಸೋದರನಾದ ‘38-40’ರ ಹೆಸರಂತೂ ಇನ್ನೂ ವಿಚಿತ್ರ. ಅದರ ಗುಂಡಿನ ವ್ಯಾಸ 0.38 ಅಂಗುಲವಲ್ಲ, 0.40 ಅಂಗುಲ! ಈ ಹೆಸರುಗಳನ್ನು ಇಟ್ಟದ್ದು ವ್ಯಾಪಾರ, ಮೈಕ್ರೋಮೀಟರ್ ಅಲ್ಲ.

ಆ ರೈಫಲುಗಳೂ ಅವುಗಳ ಹೊಸ ಪ್ರತಿಕೃತಿಗಳೂ ಅಮೆರಿಕದಲ್ಲಿ ಇಂದಿಗೂ ಬಳಕೆಯಲ್ಲಿವೆ. ಅನೇಕ ಹವ್ಯಾಸಿಗಳು ಸುಟ್ಟ ತೋಟಾದ ಹಿತ್ತಾಳೆಯ ಕೋಶವನ್ನು ಎಸೆಯದೆ ತಾವೇ ಮತ್ತೆ ತುಂಬಿಕೊಳ್ಳುತ್ತಾರೆ. (ನಮ್ಮ ದೇಶದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಇಂಥ ಕೆಲಸಕ್ಕೆ ಕೈಹಾಕುವುದು ಅಪರಾಧ.) ಇದಕ್ಕೆ ಬೇಕಾದ ಉಕ್ಕಿನ ಅಚ್ಚುಗಳು ಸಾಮಾನ್ಯವಾಗಿ ಮೂರು. ಹೊಡೆತದಿಂದ ಉಬ್ಬಿದ ಕೋಶವನ್ನು ಮೊದಲನೆಯದು ಹಿಂಡಿ ಹಳೆಯ ಗಾತ್ರಕ್ಕೆ ತರುತ್ತದೆ; ಎರಡನೆಯದು ಅದರ ಬಾಯನ್ನು ಗುಂಡಿಗೆ ತಕ್ಕಷ್ಟು ಹಿಗ್ಗಿಸುತ್ತದೆ; ಮೂರನೆಯದು ಗುಂಡನ್ನು ಕೂರಿಸಿ ಬಾಯಂಚನ್ನು ಒಳಕ್ಕೆ ಮಡಿಚುತ್ತದೆ.

ಯಾವ ಅಚ್ಚನ್ನು ಕೊಳ್ಳಬೇಕು? ಬಹುಮಂದಿ ಕೇಳುವ ಪ್ರಶ್ನೆ ‘ಯಾವ ಕಂಪೆನಿಯದು ಉತ್ತಮ?’ ಎಂಬುದು. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯೇ ತಪ್ಪು. ‘ನನ್ನ ರೈಫಲಿನ ನಳಿಗೆಯ ಅಳತೆ ಎಷ್ಟು?’ ಎಂಬುದು ಮೊದಲು ಕೇಳಬೇಕಾದ ಪ್ರಶ್ನೆ.

ಏಕೆಂದರೆ ಒಂದೇ ಹೆಸರಿನ ತೋಟಾಕ್ಕಾಗಿ ಮಾಡಿದ ನಳಿಗೆಗಳೆಲ್ಲ ಒಂದೇ ಅಳತೆಯವಲ್ಲ. ತೋಟಾಗಳ ಅಳತೆಗಳನ್ನು ಗೊತ್ತುಪಡಿಸಲು ಅಮೆರಿಕದ ತಯಾರಕರ ಸಂಸ್ಥೆಯೊಂದು ಹುಟ್ಟಿದ್ದು 1926ರಲ್ಲಿ; ಆ ವೇಳೆಗೆ 44-40ಕ್ಕೆ ಐವತ್ತಮೂರು ವರ್ಷ ತುಂಬಿತ್ತು. ಹಳೆಯ ನಳಿಗೆಗಳಲ್ಲಿ ಕೆಲವು ಬಿಗಿ, ಕೆಲವು ಸಡಿಲ. ಹೊಸ ಪ್ರತಿಕೃತಿಗಳಲ್ಲಿ ಹಲವಕ್ಕೆ 0.429 ಅಂಗುಲದ ನಳಿಗೆಯಿದೆ. 0.427ಕ್ಕೂ 0.429ಕ್ಕೂ ಇರುವ ಅಂತರ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ, ಎಂದರೆ ತಲೆಗೂದಲಿನ ದಪ್ಪಕ್ಕೆ ಸಮೀಪ. ಇಷ್ಟು ಅಲ್ಪ ಅಂತರದಿಂದ ಏನಾದೀತೆಂದು ವಾಚಕರು ಕೇಳಬಹುದು.

ಸೀಸದ ಗುಂಡು ನಳಿಗೆಯನ್ನು ಪೂರ್ಣವಾಗಿ ಮುಚ್ಚಿಕೊಂಡು ಸಾಗಬೇಕು. ಅದು ನಳಿಗೆಗಿಂತ ಕಿರಿದಾದರೆ ಉರಿಯುವ ಅನಿಲವು ಸಂದಿಯಿಂದ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಮೆತ್ತುತ್ತದೆ, ಗುರಿ ತಪ್ಪುತ್ತದೆ. ಹಾಗೆಂದು ಗುಂಡನ್ನು ಮನಬಂದಂತೆ ದಪ್ಪವಾಗಿಸುವಂತೆಯೂ ಇಲ್ಲ. ಗುಂಡು ದಪ್ಪವಾದರೆ ಕೋಶದ ಕೊರಳೂ ಉಬ್ಬುತ್ತದೆ. ಹೊಡೆತದ ಕ್ಷಣದಲ್ಲಿ ಆ ಕೊರಳು ತುಸು ಹಿಗ್ಗಿ ಗುಂಡನ್ನು ಬಿಟ್ಟುಕೊಡಬೇಕು. ತೋಟಾ ಕೂರುವ ಕೋಣೆಯಲ್ಲಿ ಅದಕ್ಕೆ ಎಡೆಯಿಲ್ಲದಿದ್ದರೆ ಒತ್ತಡವು ಅಪಾಯದ ಮಟ್ಟಕ್ಕೆ ಏರುತ್ತದೆ. ಹೀಗೆ ಗುಂಡಿನ ಕನಿಷ್ಠ ಮಿತಿಯನ್ನು ನಳಿಗೆಯೂ ಗರಿಷ್ಠ ಮಿತಿಯನ್ನು ಕೋಣೆಯೂ ನಿರ್ಣಯಿಸುತ್ತವೆ. ಈ ಎರಡರ ನಡುವೆ ಆರಿಸಿದ ಗುಂಡಿಗೆ ಹೊಂದುವಂತೆ ಹಿಗ್ಗಿಸುವ ಅಚ್ಚಿನ ಗಾತ್ರವಿರಬೇಕು. 0.427ರ ಗುಂಡಿಗೆಂದು ಮಾಡಿದ ಅಚ್ಚಿನಿಂದ ಬಂದ ಕೊರಳಿಗೆ 0.429ರ ಮೆದು ಗುಂಡನ್ನು ತುರುಕಿದರೆ ಗುಂಡೇ ಸವೆದು ಕಿರಿದಾದೀತು, ಇಲ್ಲವೇ ತೆಳುವಾದ ಕೊರಳು ಸುಕ್ಕುಗಟ್ಟೀತು.

ಮಡಿಚುವ ಅಚ್ಚಿನ ವಿಷಯದಲ್ಲೂ ಕಾರಣವನ್ನರಿತು ನಡೆಯಬೇಕು. ಈ ರೈಫಲಿನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಸುರುಳಿ ಸ್ಪ್ರಿಂಗೊಂದು ಅವನ್ನು ಸದಾ ಹಿಂದಕ್ಕೆ ಒತ್ತುತ್ತಿರುತ್ತದೆ. ಕರಿಮದ್ದಿನ ಕಾಲದಲ್ಲಿ ಕೋಶದ ತುಂಬ ಮದ್ದಿರುತ್ತಿದ್ದುದರಿಂದ ಅದೇ ಗುಂಡಿಗೆ ಆಧಾರವಾಗಿತ್ತು. ಹೊಗೆಯಿಲ್ಲದ ಮದ್ದು ಸ್ವಲ್ಪವೇ ಸಾಕಾದ್ದರಿಂದ ಗುಂಡಿನ ಹಿಂದೆ ಬರಿದಾದ ಜಾಗ ಉಳಿಯುತ್ತದೆ. ಬಾಯಂಚು ಭದ್ರವಾಗಿ ಹಿಡಿಯದಿದ್ದರೆ ಗುಂಡು ಒಳಕ್ಕೆ ಜಾರುತ್ತದೆ; ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ಆದ್ದರಿಂದ ಗುಂಡನ್ನು ಕೂರಿಸುವುದಕ್ಕೂ ಅಂಚನ್ನು ಮಡಿಚುವುದಕ್ಕೂ ಬೇರೆ ಬೇರೆ ಅಚ್ಚುಗಳನ್ನು ಇಟ್ಟುಕೊಳ್ಳುವುದೇ ಲೇಸು. ಗುಂಡು ಇಳಿಯುತ್ತಿರುವಾಗಲೇ ಅಂಚು ಮಡಿಚಿಕೊಂಡರೆ ಸೀಸವೂ ಕೊರಳೂ ಒಟ್ಟಿಗೆ ಕೆಡುತ್ತವೆ.

ಇನ್ನು ಹಿಂಡುವ ಅಚ್ಚು. ಸುಮಾರು ಎಪ್ಪತ್ತು ಭಾಗ ತಾಮ್ರ, ಮೂವತ್ತು ಭಾಗ ಸತು ಸೇರಿದ ಈ ಹಿತ್ತಾಳೆಯನ್ನು ಹಿಗ್ಗಿಸಿ ಕುಗ್ಗಿಸಿದಷ್ಟೂ ಅದು ಪೆಡಸಾಗಿ ಕೊನೆಗೆ ಬಿರಿಯುತ್ತದೆ. ಆದುದರಿಂದ ತೋಟಾ ಕೋಣೆಗೆ ಸರಾಗವಾಗಿ ಸೇರುವಷ್ಟು ಮಾತ್ರ ಹಿಂಡಬೇಕು. ಅದಕ್ಕಿಂತ ಹೆಚ್ಚು ಹಿಂಡುವ ಅಚ್ಚು ಎಷ್ಟು ನಯವಾಗಿದ್ದರೂ ಬೇಡ.

ತಯಾರಕರು ಗೊತ್ತುಪಡಿಸಿದ ಅಳತೆಗಳಿರುವಾಗ ಪ್ರತಿಯೊಬ್ಬನೂ ಅಳೆಯುತ್ತ ಕೂರಬೇಕೇ ಎಂಬ ಆಕ್ಷೇಪಣೆ ಉಂಟು. ಗೊತ್ತಾದ ಅಳತೆಗೆ ತಕ್ಕಂತೆ ಮಾಡಿದ ಹೊಸ ರೈಫಲಿನ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಆದರೆ ಇಂದು ಬರೆದ ನಿಯಮವು ನೂರೈವತ್ತು ವರ್ಷದ ಹಿಂದೆ ಕೊರೆದ ನಳಿಗೆಯನ್ನು ತಿದ್ದಲಾರದು. ಹೆಸರನ್ನು ನಂಬುವ ಅಪಾಯ ಅಚ್ಚಿಗಷ್ಟೇ ಸೀಮಿತವೂ ಅಲ್ಲ. ಜಾನ್ ಬ್ರೌನಿಂಗ್ ರೂಪಿಸಿದ 1892ರ ರೈಫಲಿಗೂ ಇದೇ 44-40 ತೋಟಾ ಸಲ್ಲುತ್ತಿತ್ತು. ಆದರೆ ಅದರ ಅಗುಳಿಯ ರಚನೆ 1873ರದಕ್ಕಿಂತ ಬಹಳ ಬಲವಾದುದು. ಆ ಬಲಕ್ಕೆ ತಕ್ಕಂತೆ ತುಂಬಿದ ತೋಟಾ ಹಳೆಯ ರೈಫಲಿಗೂ ಅಡೆತಡೆಯಿಲ್ಲದೆ ಸೇರುತ್ತದೆ. ಅನಾಹುತಕ್ಕೆ ಹೆಸರಿನ ಸಾಮ್ಯವೇ ದಾರಿ ಮಾಡಿಕೊಡುತ್ತದೆ.

ಅಳೆಯುವುದೇನೂ ದೊಡ್ಡ ವಿದ್ಯೆಯಲ್ಲ. ರೈಫಲು ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ಎಣ್ಣೆ ಸವರಿದ ನಳಿಗೆಯಲ್ಲಿ ಮೆದು ಸೀಸದ ತುಂಡೊಂದನ್ನು ಕೋಲಿನಿಂದ ಮೆಲ್ಲಗೆ ನೂಕಿದರೆ ನಳಿಗೆಯ ಒಳರೂಪವೆಲ್ಲ ಅದರ ಮೇಲೆ ಅಚ್ಚೊತ್ತಿ ಬರುತ್ತದೆ. ಉಬ್ಬಿದ ಭಾಗಗಳ ವ್ಯಾಸವನ್ನು ಮೈಕ್ರೋಮೀಟರಿನಿಂದ ನೋಡಿದರಾಯಿತು. ಪ್ರಯೋಗಶಾಲೆಯಲ್ಲಿ ತಂತಿಯ ದಪ್ಪವನ್ನು ಅಳೆದ ವಿದ್ಯಾರ್ಥಿಗೆ ಈ ಉಪಕರಣ ಹೊಸದಲ್ಲ. ಇಷ್ಟಾದ ಮೇಲೆ ಅಂಗಡಿಗೆ ಹೋದವನಿಗೆ ಯಾವ ಕಂಪೆನಿಯ ಅಚ್ಚು ಎಂಬುದು ಸಣ್ಣ ಪ್ರಶ್ನೆಯಾಗಿ ಉಳಿಯುತ್ತದೆ. ತನಗೆ ಬೇಕಾದ ಸಂಖ್ಯೆಯನ್ನು ಅವನು ಆಗಲೇ ಬಲ್ಲ.