ಶಿಫಾರಸು ಪತ್ರ ಉಪಕಾರವಲ್ಲ, ಸಾಕ್ಷ್ಯ

ಜುಮಾ ನಮಾಝ್ ಮುಗಿದ ಬಳಿಕ ಮಸೀದಿಯ ಬಾಗಿಲಲ್ಲಿ ದೂರದ ಜಮಾಅತಿನ ಬಡವನೊಬ್ಬ ಪತ್ರ ಹಿಡಿದು ನಿಂತಿರುವುದನ್ನು ಪುತ್ತೂರು, ಸುಳ್ಯ, ಕಡಬದ ನಾವೆಲ್ಲರೂ ಕಂಡಿದ್ದೇವೆ. ಮಗಳ ಮದುವೆಗೋ ಮನೆಯ ಮಾಡಿಗೋ ನೆರವು ಕೋರಿ ಅಲ್ಲಿಯ ಖತೀಬರು ಬರೆದುಕೊಟ್ಟ ಪತ್ರವದು. ಐವತ್ತು ರೂಪಾಯಿ ಕೊಡುವ ಮುನ್ನ ನಾವು ಅದರ ಮೊಹರು ನೋಡುತ್ತೇವೆ, ಸಹಿ ನೋಡುತ್ತೇವೆ, ತಾರೀಕು ಹಳೆಯದಾಗಿದ್ದರೆ ಹುಬ್ಬೇರಿಸುತ್ತೇವೆ. ಖತೀಬರಿಗೆ ಫೋನ್ ಮಾಡಿ ವಿಚಾರಿಸುವವರೂ ಇದ್ದಾರೆ. ಐವತ್ತು ರೂಪಾಯಿಯ ಪತ್ರಕ್ಕೆ ಇಷ್ಟು ಜಾಗ್ರತೆ ವಹಿಸುವ ನಾವೇ, ನಮ್ಮ ಮಕ್ಕಳ ವೈದ್ಯಕೀಯ ಶಿಫಾರಸು ಪತ್ರದ ವಿಷಯ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೇಕೆ?

ಸುಳ್ಯದ ಕೆವಿಜಿ ವೈದ್ಯಕೀಯ ಕಾಲೇಜಿನಲ್ಲೋ ಮಂಗಳೂರಿನ ಕಾಲೇಜುಗಳಲ್ಲೋ ಎಂಬಿಬಿಎಸ್ ಮುಗಿಸುವ ನಮ್ಮ ಮಕ್ಕಳ ಸಂಖ್ಯೆ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಭಾರತದಲ್ಲೇ ಸ್ನಾತಕೋತ್ತರ ಸೀಟು ಬಯಸುವವರಿಗೆ ಪತ್ರದ ಗೊಡವೆಯಿಲ್ಲ. ನೀಟ್ ಪಿಜಿಯ ರ‍್ಯಾಂಕ್ ನೋಡುವವರು ಯಾರ ಸಹಿಯನ್ನೂ ಕೇಳುವುದಿಲ್ಲ. ಅಮೆರಿಕದ ರೆಸಿಡೆನ್ಸಿಯ ದಾರಿ ಬೇರೆ. ಅಲ್ಲಿ ಎರಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ; ಒಂದೊಂದು ಆಸ್ಪತ್ರೆಯ ಕಾರ್ಯಕ್ರಮಕ್ಕೆ ಗರಿಷ್ಠ 4 ಶಿಫಾರಸು ಪತ್ರ ಸೇರಿಸಬಹುದು. 2021ರಲ್ಲಿ, ವಿದ್ಯಾರ್ಥಿ ರೋಗಿಯೊಡನೆ ನಡೆದುಕೊಳ್ಳುವ ರೀತಿಯನ್ನು ಪರೀಕ್ಷಿಸುತ್ತಿದ್ದ ಸ್ಟೆಪ್ 2 ಸಿಎಸ್ ಪರೀಕ್ಷೆಯನ್ನು ಕೈಬಿಡಲಾಯಿತು. 2022ರಿಂದ ಸ್ಟೆಪ್ 1ರಲ್ಲಿ ಅಂಕವಿಲ್ಲ, ಪಾಸು ಅಥವಾ ಫೇಲು ಮಾತ್ರ. ಅಂದರೆ, ಮಂಚದ ಪಕ್ಕದಲ್ಲಿ ನಿಂತ ಈ ಹುಡುಗ ಎಂಥವನು ಎಂಬುದನ್ನು ತಿಳಿಯಲು ಸಾವಿರಾರು ಮೈಲಿ ದೂರದವರಿಗೆ ಉಳಿದಿರುವ ಕೆಲವೇ ಕಿಟಕಿಗಳಲ್ಲಿ ಈ ಪತ್ರವೂ ಒಂದು.

ನಮ್ಮ ಹಿರಿಯರಿಗೆ ಇಂಥ ಪತ್ರದ ಪರಿಚಯವಿಲ್ಲ. ಅವರು ಬಲ್ಲದ್ದು ಶಾಸಕರ ಪತ್ರ, ಮುಖಂಡರ ಪತ್ರ, ‘ನಮ್ಮ ಹುಡುಗ, ಸ್ವಲ್ಪ ನೋಡಿಕೊಳ್ಳಿ’ ಎಂಬ ಪತ್ರ. ಆದ್ದರಿಂದಲೇ ಎರಾಸ್ ಎಂದೊಡನೆ ಕುಟುಂಬದಲ್ಲಿ ಡಾಕ್ಟರ್ ಯಾರಿದ್ದಾರೆಂದು ಹುಡುಕಾಟ ಆರಂಭವಾಗುತ್ತದೆ. ಮಾವ ಇದ್ದಾರೆ, ಮಾವನ ಸ್ನೇಹಿತರು ಗಲ್ಫಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದಾರೆ. ಹುಡುಗ ಅವರ ಕೈಕೆಳಗೆ ಒಂದು ದಿನವೂ ದುಡಿದವನಲ್ಲ. ಆದರೂ ‘ಮೂರು ತಿಂಗಳು ನನ್ನ ಬಳಿ ಕೆಲಸ ಮಾಡಿದ್ದಾನೆ’ ಎಂಬ ಪತ್ರ ಸಿದ್ಧವಾಗುತ್ತದೆ. ಇದಕ್ಕೆ ಸುಳ್ಳು ಸಾಕ್ಷ್ಯವೆಂಬ ಹೆಸರಲ್ಲದೆ ಬೇರೇನಿದೆ? ಮಹಾಪಾಪಗಳನ್ನು ವಿವರಿಸುತ್ತಿದ್ದಾಗ ಒರಗಿ ಕುಳಿತಿದ್ದ ಪ್ರವಾದಿ(ಸ)ರು ಸುಳ್ಳು ಸಾಕ್ಷ್ಯದ ಮಾತು ಬಂದೊಡನೆ ನೇರವಾಗಿ ಕುಳಿತು, ಇನ್ನು ಸಾಕು ಮಾಡಬಾರದೇ ಎಂದು ಸಂಗಾತಿಗಳಿಗೆ ಅನಿಸುವಷ್ಟು ಸಲ ಅದನ್ನೇ ಹೇಳಿದರೆಂದು ಬುಖಾರಿಯಲ್ಲಿ ವರದಿಯಾಗಿದೆ. ಆ ಎಚ್ಚರಿಕೆ ಕೋರ್ಟಿನ ಕಟಕಟೆಗೆ ಮಾತ್ರ ಎಂದು ನಮಗೆ ಹೇಳಿದವರು ಯಾರು?

ಇನ್ನೊಂದು ರೂಢಿ ಇದಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ಪ್ರೊಫೆಸರರು. ವಿದ್ಯಾರ್ಥಿ ತನ್ನ ಬಗ್ಗೆ ತಾನೇ ಸಾಕ್ಷಿ ನುಡಿದು ಇನ್ನೊಬ್ಬರ ನಾಲಿಗೆಯನ್ನು ಎರವಲು ಪಡೆಯುವ ಕ್ರಮವಿದು. ‘ಎಲ್ಲರೂ ಹೀಗೆಯೇ ಮಾಡುತ್ತಾರೆ, ನಮ್ಮ ಮಕ್ಕಳು ಮಾತ್ರ ಹಿಂದುಳಿಯಬೇಕೇ?’ ಎಂದು ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ವಾರ್ಡಿನಲ್ಲಿ ತಿರುಗುವ ಅಷ್ಟೊಂದು ಇಂಟರ್ನ್‌ಗಳಲ್ಲಿ ಒಬ್ಬನ ಮುಖ ನೆನಪಿಟ್ಟುಕೊಳ್ಳುವುದು ಪ್ರೊಫೆಸರರಿಗೆ ಸುಲಭವೂ ಅಲ್ಲ. ಆದರೆ ನೆನಪಿಲ್ಲದವರಿಗೆ ನೆನಪಿಸುವುದು ಬೇರೆ, ಅವರು ಕಾಣದ್ದನ್ನು ಕಂಡಂತೆ ಬರೆಯುವುದು ಬೇರೆ. ಯಾವ ತಿಂಗಳು ಯಾವ ಯೂನಿಟ್ಟಿನಲ್ಲಿದ್ದೆ, ಯಾವ ರೋಗಿಗಳನ್ನು ನೋಡಿಕೊಂಡೆ, ಎಲ್ಲಿ ತಪ್ಪಿ ಬೈಸಿಕೊಂಡೆ ಎಂಬ ಟಿಪ್ಪಣಿಯನ್ನು ಲಾಗ್‌ಬುಕ್ಕಿನೊಡನೆ ಕೊಟ್ಟರೆ ಪತ್ರದ ಮಾತು ಅವರದೇ ಆಗಿ ಉಳಿಯುತ್ತದೆ. ಹತ್ತು ವಿದ್ಯಾರ್ಥಿಗಳ ಪತ್ರದಲ್ಲಿ ಅದೇ ‘ಕಠಿಣ ಪರಿಶ್ರಮಿ’, ಅದೇ ‘ವಿನಯಶೀಲ’ ಕಂಡ ಓದುಗ ಆಮೇಲೆ ಆ ಊರಿನ ಪತ್ರವನ್ನೇ ನಂಬುವುದಿಲ್ಲ. ನಿಜಕ್ಕೂ ಪರಿಶ್ರಮಿಯಾದ ಹನ್ನೊಂದನೆಯವಳಿಗೆ ಅದರ ನಷ್ಟ.

ಒಬ್ಬನ ಪರವಾಗಿ ಸಾಕ್ಷಿ ಹೇಳಲು ಬಂದವನಿಗೆ ಖಲೀಫಾ ಉಮರ್(ರ) ಅವರು ಕೇಳಿದರೆನ್ನಲಾದ ಪ್ರಶ್ನೆಗಳು ಪ್ರಸಿದ್ಧವಾಗಿವೆ. ಅವನ ನೆರೆಯಲ್ಲಿ ವಾಸಿಸಿದ್ದೀಯಾ, ಅವನೊಡನೆ ಹಣದ ವ್ಯವಹಾರ ಮಾಡಿದ್ದೀಯಾ, ಪ್ರಯಾಣ ಮಾಡಿದ್ದೀಯಾ? ಮೂರಕ್ಕೂ ಇಲ್ಲವೆಂದಾಗ, ಹಾಗಾದರೆ ನೀನು ಅವನನ್ನು ಅರಿತವನಲ್ಲ ಎಂದು ಅವರು ಹಿಂದೆ ಕಳುಹಿಸಿದರು. ನಮ್ಮ ಡಾಕ್ಟರ್ ಮಾವಂದಿರಿಗೂ ಇದನ್ನೇ ಕೇಳಬೇಕು. ರಾತ್ರಿ ಪಾಳಿಯಲ್ಲಿ ಅವನನ್ನು ನೋಡಿದ್ದೀರಾ? ರೋಗಿ ಸತ್ತಾಗ ಮನೆಯವರಿಗೆ ಅವನು ಹೇಗೆ ತಿಳಿಸಿದನೆಂದು ಬಲ್ಲಿರಾ?

ಹಾಗೆಂದು ಪತ್ರ ಕೊಡದಿರುವುದೇ ದೊಡ್ಡ ಧರ್ಮನಿಷ್ಠೆಯೆಂದು ಭಾವಿಸುವ ಹಿರಿಯ ವೈದ್ಯರಿಗೂ ಒಂದು ಮಾತಿದೆ. ಕಡಬದ ತೋಟದ ಕೂಲಿಯವರ ಮಗಳು ವರ್ಷವಿಡೀ ನಿಮ್ಮ ಕಣ್ಣೆದುರು ದುಡಿದಿದ್ದಾಳೆ. ಆಕೆಗೆ ಮಾವನೂ ಇಲ್ಲ, ಮಾತಾಡುವವರೂ ಇಲ್ಲ, ಎರಡನೇ ಸಲ ಬಂದು ಕೇಳುವ ಧೈರ್ಯವೂ ಇಲ್ಲ. ‘ನೋಡೋಣ’ ಎಂದು ನೀವು ಸೆಪ್ಟೆಂಬರ್ ದಾಟಿಸಿದರೆ ಆಕೆಯ ಒಂದು ವರ್ಷ ಹೋಯಿತು. ಸಾಕ್ಷ್ಯವನ್ನು ಬಚ್ಚಿಡಬೇಡಿ, ಬಚ್ಚಿಟ್ಟವನ ಹೃದಯ ಪಾಪಿಯಾಗುತ್ತದೆ ಎಂಬುದು ಅಲ್‌ಬಕರ ಅಧ್ಯಾಯದ 283ನೇ ಸೂಕ್ತದ ಆಶಯ. ಅದು ಸಾಲದ ವ್ಯವಹಾರದ ಸಂದರ್ಭದಲ್ಲಿ ಬಂದದ್ದು ನಿಜ. ಆಕೆಯ ದುಡಿಮೆಯೂ ನಿಮ್ಮ ಮೇಲಿರುವ ಸಾಲವೇ ಅಲ್ಲವೇ? ಒಳ್ಳೆಯ ಶಿಫಾರಸಿಗೂ ಕೆಟ್ಟ ಶಿಫಾರಸಿಗೂ ಮಾಡಿದವನಿಗೆ ಪಾಲಿದೆಯೆಂದು ಅನ್ನಿಸಾ ಅಧ್ಯಾಯದ 85ನೇ ಸೂಕ್ತ ಹೇಳುವಾಗ ಎರಡೂ ಬಗೆಯ ವೈದ್ಯರು ಅದರೊಳಗೆ ಬರುತ್ತಾರೆ.

ಹೆತ್ತವರು ತಿಳಿದಿರಬೇಕಾದ ಇನ್ನೊಂದು ಅಂಶವಿದೆ. ಎರಾಸ್‌ಗೆ ಪತ್ರವನ್ನು ಅಭ್ಯರ್ಥಿ ಸೇರಿಸುವುದಿಲ್ಲ. ಬರೆದವರು ಅಥವಾ ಅವರು ನೇಮಿಸಿದವರು ನೇರವಾಗಿ ಸೇರಿಸುತ್ತಾರೆ. ಅದನ್ನು ಓದುವ ಹಕ್ಕನ್ನು ಬಿಟ್ಟುಕೊಡುವೆಯಾ ಎಂದು ಅಭ್ಯರ್ಥಿಯನ್ನು ಮೊದಲೇ ಕೇಳಲಾಗುತ್ತದೆ. ಬಿಟ್ಟುಕೊಟ್ಟರೆ ಓದುವವರ ವಿಶ್ವಾಸ ಹೆಚ್ಚುತ್ತದೆ. ಕಳೆದ ವರ್ಷ ನನ್ನ ಸಂಬಂಧಿಕರೊಬ್ಬರ ಮಗ ಇದನ್ನು ಹೇಳಿದಾಗ ತಂದೆ ಸಿಟ್ಟಾದರು. ‘ನಮ್ಮ ಮಗನ ಬಗ್ಗೆ ಅವರು ಏನು ಬರೆದರೋ ನಾವು ನೋಡಬಾರದೇ?’ ಹುಡುಗ ಮೆಲ್ಲಗೆ ಉತ್ತರಿಸಿದ: ‘ಬಾಪಾ, ನಾನು ಏನು ಮಾಡಿದೆನೆಂದು ನನಗೆ ಗೊತ್ತಿದೆಯಲ್ಲ.’ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಆ ಪ್ರೊಫೆಸರರ ಹೆಸರೇನೆಂದು ಕೇಳಿದರು.