ರಜೆ ಕೇಳಿದ ಸಿಂಫನಿ

ಕಳೆದ ಯುಗಾದಿಗೆ ನನಗೆ ರಜೆ ಸಿಗಲಿಲ್ಲ. ಮಲ್ಲತ್ತಹಳ್ಳಿಯ ನಮ್ಮ ರೂಮಿನ ಐವರಲ್ಲಿ ಮೂವರು ಬ್ಯಾಗ್ ಹೆಗಲಿಗೇರಿಸಿ ಮೆಜೆಸ್ಟಿಕ್ಕಿಗೆ ಹೊರಟರು. ಉಳಿದದ್ದು ನಾನು ಮತ್ತು ಕೆಲಸ ಹುಡುಕುತ್ತಿದ್ದ ಗೆಳೆಯ. ಆ ರಾತ್ರಿ ಅವನು ಮೊಬೈಲಿನಲ್ಲಿ ಹಾಕಿದ್ದು ಜೋಸೆಫ್ ಹೈಡನ್‌ನ 45ನೇ ಸಿಂಫನಿ. ಇದೆಲ್ಲ ನಮಗಲ್ಲ ಎಂದುಕೊಂಡಿದ್ದವನು ಅದರ ಕಥೆ ಕೇಳಿ ಎದ್ದು ಕುಳಿತೆ.

ಮೈಸೂರು ಅರಮನೆಯಲ್ಲಿ ವಿದ್ವಾಂಸರೂ ವಾದ್ಯವೃಂದವೂ ಇದ್ದ ಹಾಗೆ, ಆಸ್ಟ್ರಿಯಾದ ಹೈಡನ್ ಎಸ್ಟರ್‌ಹಾಜಿ ಮನೆತನದ ಆಸ್ಥಾನ ಸಂಗೀತಗಾರ. 1761ರ ಕರಾರಿನಂತೆ ಸಮವಸ್ತ್ರ ತೊಡಬೇಕು, ದಿನವೂ ದೊರೆಯ ಅಪ್ಪಣೆಗೆ ಕಾಯಬೇಕು, ಬರೆದ ಸಂಗೀತವೂ ದೊರೆಯದೇ. (ಆಫರ್ ಲೆಟರಿನ ಸಣ್ಣಕ್ಷರ ಓದಿದವರಿಗೆ ಇದೇನೂ ಹೊಸದಲ್ಲ.) 1772ರಲ್ಲಿ ದೊರೆ ನಿಕೋಲಾಸ್ ಹಂಗೇರಿಯ ಬೇಸಿಗೆ ಅರಮನೆ ಬಿಟ್ಟು ಕದಲಲೇ ಇಲ್ಲ. ವಾದಕರ ಹೆಂಡತಿ ಮಕ್ಕಳು ದೂರದ ಐಸೆನ್‌ಸ್ಟಾಟ್‌ನಲ್ಲಿ. ಅವರು ಹೈಡನ್ ಹತ್ತಿರ ಕಷ್ಟ ಹೇಳಿಕೊಂಡರು.

ಹೈಡನ್ ಅರ್ಜಿ ಬರೆಯಲಿಲ್ಲ, ಸಿಂಫನಿ ಬರೆದ. ಎರಡು ಓಬೋ, ಎರಡು ಹಾರ್ನ್, ಒಂದು ಬಸ್ಸೂನ್, ಪಿಟೀಲಿನಂಥ ತಂತಿವಾದ್ಯಗಳು, ಅಷ್ಟೇ. ಕೊನೆಯ ಭಾಗ ಬಿರುಸಾಗಿ ಓಡಿ, ಇನ್ನೇನು ಮುಗಿಯಿತು ಅನ್ನುವಾಗ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ. ಒಂದು ಓಬೋ, ಒಂದು ಹಾರ್ನ್ ಸುಮ್ಮನಾಗುತ್ತವೆ. ನುಡಿಸಿದವರು ಎದುರಿನ ಮೇಣದಬತ್ತಿ ಆರಿಸಿ ಎದ್ದುಹೋಗುತ್ತಾರೆ. ಆಮೇಲೆ ಬಸ್ಸೂನ್, ಡಬಲ್ ಬಾಸ್, ಚೆಲ್ಲೊ... ಕೊನೆಗೆ ಎರಡೇ ಪಿಟೀಲು, ಪಿಸುಮಾತಿನಷ್ಟು ಮೆಲ್ಲಗೆ. ಒಂದು ಹೈಡನ್‌ನದು, ಇನ್ನೊಂದು ಟೊಮಾಸಿನಿಯದು. ದೊರೆಗೆ ಅರ್ಥವಾಯಿತು, ಮರುದಿನವೇ ಎಲ್ಲರೂ ಹೊರಟರು ಎನ್ನುತ್ತಾರೆ.

ಇದನ್ನು ಜಾಣತನದ ಕಥೆಯಾಗಿ ಹೇಳುವವರೇ ಹೆಚ್ಚು. ನನ್ನನ್ನು ಕಾಡಿದ್ದು ಬೇರೆ. ಕುಟುಂಬ ಕರೆತರಬಾರದೆಂಬ ಆ ವರ್ಷದ ಆದೇಶದಿಂದ ಕೆಲವರಿಗಷ್ಟೇ ವಿನಾಯಿತಿ ಇತ್ತು. ಅವರಲ್ಲಿ ಹೈಡನ್ ಒಬ್ಬ, ಟೊಮಾಸಿನಿ ಇನ್ನೊಬ್ಬ! ಊರಿಗೆ ಹೋಗಲೇಬೇಕೆಂಬ ಕಷ್ಟ ಅವನದಾಗಿರಲಿಲ್ಲ. ದೊರೆ ಸಿಟ್ಟಾಗಿದ್ದರೆ ಮಾತ್ರ ಮೊದಲು ಉತ್ತರ ಹೇಳಬೇಕಾದವನು ಅವನೇ. ನಮ್ಮ ಆಫೀಸುಗಳಲ್ಲಿ ತಂಡದ ಮುಖ್ಯಸ್ಥರು ‘ಮೇಲಿನವರು ಒಪ್ಪಲ್ಲಪ್ಪ’ ಎಂದು ಅಲ್ಲಿಗೇ ಮುಗಿಸುತ್ತಾರೆ. ಮೇಲಿನವರನ್ನು ಕೇಳಿದ್ದರೋ ಇಲ್ಲವೋ ದೇವರಿಗೇ ಗೊತ್ತು.

ಈಗ ನಾಲ್ವರ ತಂಡದ ಶಿಫ್ಟ್ ಪಟ್ಟಿ ಬರೆಯುವವನು ನಾನೇ. ಗೌರಿ ಹಬ್ಬಕ್ಕೆ ನನ್ನ ರಜೆ ಮಂಜೂರಾಗಿದೆ. ಹೊಸದಾಗಿ ಸೇರಿದ ದಾವಣಗೆರೆಯ ಹುಡುಗಿ ಎರಡು ಸಲ ಕೇಳಿದ್ದಾಳೆ. ಎರಡು ಸಲವೂ ‘ನೋಡೋಣ’ ಎಂದಿದ್ದೇನೆ. ಸೋಮವಾರ ಬೆಳಿಗ್ಗೆ ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ ಕೇಳಬೇಕು.